ಕಾಯುವ ಕೋಣೆಯಲ್ಲಿ ಕರ್ನಲ್ ಪ್ಯಾನಿಕ್

"ಇನ್ನು ಮೇಲೆ ಈ ಮನೆಯೊಳಕ್ಕೆ ಕಂಪ್ಯೂಟರ್ ರಿಪೇರಿಯವನು ಕಾಲಿಟ್ಟರೆ, ನಾನು ಹೊರಕ್ಕೆ ಕಾಲಿಡ್ತೀನಿ!"

ಊಟದ ಮೇಜಿನ ಮುಂದೆ ನೀರಿನ ಲೋಟ ಎತ್ತಿ ಹಿಡಿದು ನಾನು ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಇನ್ನೊಬ್ಬರು ಅವಳ ತಂದೆ. ಅವರು ತಲೆ ಎತ್ತಿದರು. ಆದರೆ ನೋಡಿದ್ದು ಗೋಡೆಯ ಗಡಿಯಾರವನ್ನು.

ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಮನೆಯ ಮುಂದಿನ ಎರಡು ಕೋಣೆಗಳೇ ಅವಳ ಕ್ಲಿನಿಕ್ಕು. ಒಂದರಲ್ಲಿ ಹೆದರಿಸುವ ಕುರ್ಚಿ, ಇನ್ನೊಂದರಲ್ಲಿ ಹೆದರಿದವರು ಕಾಯುವ ಕುರ್ಚಿಗಳು. ಕಾಯುವ ಕೋಣೆಯ ಗೋಡೆಗೆ ಒಂದು ಟಿವಿ. ಯಾರ ಸರದಿ ಬಂತೆಂದು ಅದರಲ್ಲಿ ಟೋಕನ್ ನಂಬರ್ ಬರುತ್ತದೆ. ನಂಬರ್ ಇಲ್ಲದಾಗ ಹಾಸಿಗೆಯಷ್ಟು ದೊಡ್ಡ ದವಡೆಯೊಂದು ಬಂದು ತನಗೆ ತಾನೇ ಬ್ರಷ್ ಮಾಡಿಕೊಳ್ಳುತ್ತದೆ. ಇದನ್ನೆಲ್ಲ ನಡೆಸುತ್ತಿದ್ದ ಹಳೆಯ ಕಂಪ್ಯೂಟರ್ ಅಂದು ಮಧ್ಯಾಹ್ನ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತ್ತು. "ಅಂಗಡಿಯವನಿಗೆ ಫೋನ್ ಮಾಡ್ತೀನಿ" ಎಂದಳು ಹೆಂಡತಿ. ಅಷ್ಟೇ! ನನ್ನ ಸ್ವಾಭಿಮಾನ ಧಡಕ್ಕನೆ ಎದ್ದು ತೋಳು ಮಡಚಿತು.

ನಾನೇನು ಸಾಮಾನ್ಯನೇ? ಔಷಧಿ ಸರಬರಾಜು ಮಾಡುವ ಕಂಪನಿಯೊಂದರಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ! ಆ ವಿಭಾಗದಲ್ಲಿ ನನ್ನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಯೂ ಇಲ್ಲ ಎಂಬುದು ಬೇರೆ ಮಾತು. ಮುಖ್ಯಸ್ಥ ಅಂದರೆ ಮುಖ್ಯಸ್ಥ.

"ಅಂಗೈ ಅಗಲದ ಒಂದು ಬೋರ್ಡು ತರಿಸ್ತೀನಿ ನೋಡು" ಎಂದೆ. "ಫ್ಯಾನಿಲ್ಲ, ಸದ್ದಿಲ್ಲ. ಅದರೊಳಗೆ ಲಿನಕ್ಸ್ ಹಾಕ್ತೀನಿ. ಅದರ ಚಿಪ್ಪು ಆಡೋ ಭಾಷೆ ಯಾವ ಕಂಪನಿಯ ಸ್ವತ್ತೂ ಅಲ್ಲ, ಗೊತ್ತಾ? ಯಾರು ಬೇಕಾದ್ರೂ ಮಾಡ್ಬಹುದು, ಯಾರಪ್ಪನ ಅಪ್ಪಣೇನೂ ಬೇಕಾಗಿಲ್ಲ!"

ಅಪ್ಪ ಎಂದದ್ದಕ್ಕೆ ಮಾವನವರು ಒಮ್ಮೆ ಕೆಮ್ಮಿದರು.

"ಏನದರ ಹೆಸರು?" ಎಂದಳು ಹೆಂಡತಿ.

"ರಿಸ್ಕ್ ಫೈವ್."

"ಒಂದಲ್ಲ, ಎರಡಲ್ಲ, ಐದು ರಿಸ್ಕಾ?"

"ಆ ರಿಸ್ಕ್ ಅಲ್ವೇ! ಇದರ ಕೊನೇಲಿ ಸಿ ಬರುತ್ತೆ."

"ಕೊನೇಲಿ ಏನು ಬರುತ್ತೋ ನಾನೂ ನೋಡ್ತೀನಲ್ಲ! ಸೋಮವಾರ ಹೆಡ್‌ಮಿಸ್ ಬರ್ತಿದಾರೆ, ನೆನಪಿರಲಿ."

ಅದು ಹುಡುಗಾಟದ ವಿಷಯವಾಗಿರಲಿಲ್ಲ. ನಮ್ಮ ಬೀದಿಯ ತುದಿಯಲ್ಲಿರುವ ದೊಡ್ಡ ಶಾಲೆಯ ಮಕ್ಕಳಿಗೆಲ್ಲ ಹಲ್ಲಿನ ತಪಾಸಣೆ ಆಗಬೇಕಿತ್ತು. ಯಾವ ಕ್ಲಿನಿಕ್ಕಿಗೆ ಕಳಿಸಬೇಕೆಂದು ನಿರ್ಧರಿಸುವವರು ಅಲ್ಲಿನ ಮುಖ್ಯೋಪಾಧ್ಯಾಯಿನಿ. ಅವರಿಗೂ ಒಂದು ದವಡೆಹಲ್ಲು ನೋಯುತ್ತಿತ್ತು. ಅದನ್ನು ತೋರಿಸಿದ ಹಾಗೂ ಆಯಿತು, ಕ್ಲಿನಿಕ್ಕು ನೋಡಿದ ಹಾಗೂ ಆಯಿತು ಎಂದು ಬರುವವರಿದ್ದರು. ಎರಡು ಬೀದಿ ಆಚೆ ಗಾಜಿನ ಗೋಡೆಯ ಹೊಸ ಕ್ಲಿನಿಕ್ಕೊಂದು ಬಾಯಿ ತೆರೆದು ಕೂತಿತ್ತು.

"ಅಲ್ಲಿ ಮೀನಿನ ತೊಟ್ಟಿ ಇದೆ. ನಮ್ಮಲ್ಲಿ ಟಿವಿಯಾದ್ರೂ ಓಡ್ಬೇಕು" ಎಂದಳು ಹೆಂಡತಿ.

"ಓಡೋದೇನು, ಹಾರುತ್ತೆ!" ಎಂದೆ.

ಮಾವನವರ ಬಗ್ಗೆ ಈಗಲೇ ಹೇಳಿಬಿಡಬೇಕು. ಅವರು ಸೈನ್ಯದಲ್ಲಿ ಕರ್ನಲ್ ಆಗಿ ನಿವೃತ್ತರಾದವರು. ಬೀದಿಯವರು, ಪೇಪರ್ ಹಾಕುವವನು, ಹೆಂಡತಿಯ ರೋಗಿಗಳು, ಎಲ್ಲರೂ ಅವರನ್ನು ಕರೆಯುವುದು ಕರ್ನಲ್ ಎಂದೇ. ಮಂಡಿಯ ಆಪರೇಷನ್ ಆದ ಮೇಲೆ ಸುಧಾರಿಸಿಕೊಳ್ಳಲು ಮಗಳ ಮನೆಗೆ ಬಂದವರು, ಮಂಡಿ ಸುಧಾರಿಸಿದ ಮೇಲೂ ಮಗಳನ್ನೂ ಅಳಿಯನನ್ನೂ ಸುಧಾರಿಸುವ ಕೆಲಸ ಬಾಕಿ ಇದೆಯೆಂದು ಉಳಿದುಕೊಂಡಿದ್ದರು.

ಶುಕ್ರವಾರ ಬೋರ್ಡು ಬಂತು. ಶನಿವಾರ ಬೆಳಿಗ್ಗೆ ತಿಂಡಿಯ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಊಟದ ಮೇಜನ್ನೇ ಪ್ರಯೋಗಶಾಲೆ ಮಾಡಿಕೊಂಡೆ. ಮಲಗುವ ಕೋಣೆಯ ಟಿವಿ ತಂದಿಟ್ಟೆ. ಉಗುರಿನಷ್ಟು ಮೆಮೊರಿ ಕಾರ್ಡಿಗೆ ಲಿನಕ್ಸ್ ತುಂಬಿಸಿ ಸಿಕ್ಕಿಸಿದೆ. ಹೆಂಡತಿಯ ಫೋನಿನ ಚಾರ್ಜರ್ ಎತ್ತಿಕೊಂಡು ಬೋರ್ಡಿಗೆ ಚುಚ್ಚಿದೆ. ಕೆಂಪು ದೀಪ ಹತ್ತಿತು! ನಾನು ಚಪ್ಪಾಳೆ ತಟ್ಟಿದೆ. ಆಮೇಲೆ... ಏನೂ ಇಲ್ಲ. ಟಿವಿ ಕಪ್ಪಗೆ ಕೂತಿತ್ತು. ಅದರಲ್ಲಿ ಕಾಣುತ್ತಿದ್ದದ್ದು ನನ್ನ ಮುಖ ಒಂದೇ.

ಕರ್ನಲ್ ಬಂದು ಬಗ್ಗಿ ನೋಡಿದರು. "ಏನಾಯ್ತಪ್ಪ?"

"ಬೂಟ್ ಆಗ್ತಿಲ್ಲ ಮಾವ."

"ಎಷ್ಟನೇ ಸೈಜು?"

ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಅದು ಅಳಿಯ ಮಾವನಿಗೆ ಹೇಳುವಂಥದ್ದಾಗಿರುತ್ತಿರಲಿಲ್ಲ.

ಬೋರ್ಡು ಮಾಡಿದವರ ವೆಬ್‌ಸೈಟ್ ತೆರೆದೆ. 'ಮೊದಲ ಹೆಜ್ಜೆ' ಎಂಬ ಪುಟದಲ್ಲಿ 'ಈ ಭಾಗವನ್ನು ಶೀಘ್ರದಲ್ಲೇ ಬರೆಯಲಾಗುವುದು' ಎಂದಿತ್ತು. ಮೊದಲ ಹೆಜ್ಜೆಯನ್ನೇ ಇನ್ನೂ ಇಡದವರು ನನ್ನಿಂದ ಬೋರ್ಡು ಕೊಳ್ಳಿಸಿದ್ದರು! 'ಎರಡನೇ ಹೆಜ್ಜೆ'ಯಲ್ಲಿ ಒಂದು ಫೋಟೋ: ಬೋರ್ಡಿನ ಮೂಲೆಯಲ್ಲಿ ಎರಡು ಪುಟಾಣಿ ಸ್ವಿಚ್ಚುಗಳು, ಅವುಗಳನ್ನು 'ಮೇಲಕ್ಕೆ' ಮಾಡಬೇಕಂತೆ. ಯಾವ ಕಡೆ ಮೇಲು? ಫೋಟೋ ತೆಗೆದ ಪುಣ್ಯಾತ್ಮ ಬೋರ್ಡನ್ನು ತಲೆಕೆಳಗಾಗಿ ಹಿಡಿದಿದ್ದನೋ, ತಾನೇ ತಲೆಕೆಳಗಾಗಿ ನಿಂತಿದ್ದನೋ! ಆ ಸ್ವಿಚ್ಚುಗಳೋ, ಇರುವೆ ತನ್ನ ಮನೆಯ ದೀಪ ಹಾಕಿಕೊಳ್ಳುವಷ್ಟು ಸಣ್ಣವು. ಉಗುರು ಹೋಗಲಿಲ್ಲ. ಪಿನ್ನು ಜಾರಿತು. ಆಗ ಕಣ್ಣಿಗೆ ಬಿತ್ತು, ಕ್ಲಿನಿಕ್ಕಿನ ಟ್ರೇನಲ್ಲಿ ಥಳಥಳಿಸುತ್ತಿದ್ದ ಕೊಕ್ಕೆಯಂಥ ಕಡ್ಡಿ. ಹಲ್ಲಿನ ಹುಳುಕು ಕೆದಕಿ ನೋಡಲು ಬಳಸುವಂಥದ್ದು. ಆಹಾ! ಸ್ವಿಚ್ಚಿಗೆಂದೇ ಹುಟ್ಟಿದ ಹಾಗಿತ್ತು.

"ರೀ!" ಹಿಂದಿನಿಂದ ಸಿಡಿಲು. "ಏನ್ರೀ ಅದು ಕೈಯಲ್ಲಿ? ಅದು ಜನರ ಬಾಯಿಗೆ ಹಾಕೋದು!"

"ಆಯ್ತು ಮಾರಾಯ್ತಿ, ತೊಳೆದು ಕೊಡ್ತೀನಿ."

"ತೊಳೆಯೋದಲ್ಲ, ಬೇಯಿಸ್ಬೇಕು! ಮೊದಲು ಅದನ್ನ, ಆಮೇಲೆ ನಿಮ್ಮನ್ನ!"

ಕಡ್ಡಿ ಕಸಿದುಕೊಂಡು ಹೋದಳು. ಅಷ್ಟರಲ್ಲಿ ಸ್ವಿಚ್ಚುಗಳನ್ನು ನಾನು ಮೇಲಕ್ಕೆ ಮಾಡಿಯಾಗಿತ್ತು. ಟಿವಿ ಮಾತ್ರ ಹಾಗೇ ಕಪ್ಪಗಿತ್ತು. ಹಲ್ಲುಕಡ್ಡಿಯೊಂದನ್ನು ಹುಡುಕಿ ತಂದು ಕೆಳಕ್ಕೆ ಮಾಡಿದೆ. ಆಗಲೂ ಕಪ್ಪು. ಒಂದು ಮೇಲೆ, ಒಂದು ಕೆಳಗೆ. ಈಗ ಕೆಂಪು ದೀಪವೂ ಹೋಯಿತು!

ಪಿತ್ತ ನೆತ್ತಿಗೇರಿತು. ಬೋರ್ಡನ್ನು ಗೋಡೆಗೆ ಬೀಸಿ ಒಗೆಯಬೇಕೆಂದು ಕೈ ಎತ್ತಿದೆ. ಬಾಗಿಲಲ್ಲಿ ಕರ್ನಲ್ ನಿಂತು ನೋಡುತ್ತಿದ್ದರು. ಎತ್ತಿದ ಕೈಯಿಂದ ತಲೆ ಕೆರೆದುಕೊಂಡೆ.

ಆಫೀಸಿನ ಹಳೆಯ ಗೆಳೆಯನೊಬ್ಬನಿದ್ದಾನೆ. ಲಿನಕ್ಸಿನ ಗುರುತು ಪೆಂಗ್ವಿನ್ ಹಕ್ಕಿ. ಇವನ ನಡಿಗೆಯೂ ಹಾಗೇ ಇರುವುದರಿಂದ ಪೆಂಗ್ವಿನ್ ಎಂದೇ ಅವನಿಗೆ ಹೆಸರು. ಅವನಿಗೆ ಫೋನ್ ಮಾಡಿದೆ. "ಟಿವಿ ನಂಬ್ಕೊಂಡು ಕೂತ್ರೆ ಆಗಲ್ವೋ. ಬೋರ್ಡಿನ ಪಕ್ಕದಲ್ಲಿ ಮೂರು ಪಿನ್ನಿದೆ ನೋಡು, ಅಲ್ಲಿಂದ ಲ್ಯಾಪ್‌ಟಾಪಿಗೆ ತಂತಿ ಎಳಿ. ಬೋರ್ಡು ತನಗೇನಾಗ್ತಿದೆ ಅಂತ ಅಲ್ಲಿ ಗೊಣಗ್ತಾ ಇರುತ್ತೆ" ಎಂದ.

ಸ್ವಿಚ್ಚುಗಳನ್ನು ಮತ್ತೆ ಮೇಲಕ್ಕೆ ಮಾಡಿ, ಕೆಂಪು ದೀಪ ಹತ್ತಿದ ಮೇಲೆ ತಂತಿ ಎಳೆದೆ. ಗೊಣಗಾಟವೂ ಇಲ್ಲ! ಮಧ್ಯಾಹ್ನದ ಊಟ ಆರಿ ತಣ್ಣಗಾದ ಮೇಲೆ ಹೊಳೆಯಿತು. ಬೋರ್ಡಿನ ಮಾತಾಡುವ ಪಿನ್ನನ್ನು ಲ್ಯಾಪ್‌ಟಾಪಿನ ಮಾತಾಡುವ ಪಿನ್ನಿಗೇ ಕಟ್ಟಿದ್ದೆ, ಕೇಳುವುದನ್ನು ಕೇಳುವುದಕ್ಕೇ. ಬಾಯಿಗೆ ಬಾಯಿ, ಕಿವಿಗೆ ಕಿವಿ. ಇಬ್ಬರೂ ಒಟ್ಟಿಗೆ ಕಿರುಚುತ್ತಿದ್ದರು, ಒಬ್ಬರಿಗೂ ಕೇಳಿಸುತ್ತಿರಲಿಲ್ಲ. ನಮ್ಮ ಮನೆಯಲ್ಲೂ ವ್ಯವಹಾರ ನಡೆಯುವುದು ಹೀಗೆಯೇ ಆದ್ದರಿಂದ ನನಗೆ ಅದರಲ್ಲಿ ತಪ್ಪು ಕಂಡಿರಲಿಲ್ಲ!

ತಂತಿ ಅದಲುಬದಲು ಮಾಡಿದ್ದೇ ತಡ, ಲ್ಯಾಪ್‌ಟಾಪಿನ ಮೇಲೆ ಅಕ್ಷರಗಳ ಜಲಪಾತ! ಸಾಲು ಸಾಲು ಇಳಿದು ಇಳಿದು ಕೊನೆಗೆ ಒಂದು ಸಾಲಿನಲ್ಲಿ ನಿಂತಿತು: 'ಸ್ಟಾರ್ಟಿಂಗ್ ಕರ್ನಲ್', ಪಕ್ಕದಲ್ಲಿ ಮೂರು ಚುಕ್ಕಿ. ಅಷ್ಟೇ. ಅದಾದ ಮೇಲೆ ಗೂಟ ಹೊಡೆದ ಹಾಗೆ ಅಲುಗಾಡಲಿಲ್ಲ.

ಕರ್ನಲ್ ಎಂದರೆ ಲಿನಕ್ಸಿನ ತಿರುಳು. ಯಂತ್ರಕ್ಕೂ ಮಿಕ್ಕ ಪ್ರೋಗ್ರಾಮುಗಳಿಗೂ ನಡುವೆ ನಿಂತು ಯಾರು ಏನು ಮಾಡಬೇಕೆಂದು ಅಪ್ಪಣೆ ಕೊಡುವ ಭಾಗ. ಇಂಗ್ಲಿಷಿನಲ್ಲಿ ಅದರ ಕಾಗುಣಿತ ಬೇರೆ, ನಮ್ಮ ಮಾವನವರ ಹುದ್ದೆಯ ಕಾಗುಣಿತ ಬೇರೆ. ಆದರೆ ನಮ್ಮ ಬಾಯಲ್ಲಿ ಎರಡೂ ಒಂದೇ. ಇದು ಎಂಥ ಅನಾಹುತಕಾರಿ ಸಂಗತಿ ಎಂದು ಆಗ ನನಗೆ ತಿಳಿದಿರಲಿಲ್ಲ.

ಭಾನುವಾರವಿಡೀ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಈ ಬೋರ್ಡು ಕೊಂಡವರೆಲ್ಲ ಸೇರಿ ಗೋಳು ಹೇಳಿಕೊಳ್ಳುವ ಒಂದು ತಾಣವಿದೆ. ನನ್ನ ಗೋಳನ್ನೂ ಬರೆದೆ. 'ನನ್ನದು ಚೆನ್ನಾಗಿ ಓಡುತ್ತಿದೆ' ಎಂದು ಒಬ್ಬ ಉತ್ತರಿಸಿದ. ಸಂತೋಷ ಕಣಯ್ಯಾ! ನಿನ್ನ ಹೆಂಡತಿ ಮಕ್ಕಳೂ ಚೆನ್ನಾಗಿದ್ದಾರಾ? 'ಸರ್ಚ್ ಮಾಡದೆ ಪ್ರಶ್ನೆ ಕೇಳಬೇಡಿ' ಎಂದು ಇನ್ನೊಬ್ಬ ಗದರಿದ. ಸರ್ಚ್ ಮಾಡಿದೆ. ಸಿಕ್ಕಿತು! ಯಾರೋ ಒಬ್ಬ ಬಹಳ ಹಿಂದೆಯೇ ಇದೇ ಬೋರ್ಡು, ಇದೇ ಸಾಲು, ಇದೇ ಮೂರು ಚುಕ್ಕಿ ಎಂದು ಬರೆದಿದ್ದ. ನನ್ನ ಅಣ್ಣನೇ ಸಿಕ್ಕಷ್ಟು ಆನಂದವಾಯಿತು. ಕೆಳಕ್ಕೆ ಇಳಿದೆ. ಅವನೇ ಮರುದಿನ ಬರೆದಿದ್ದ: 'ಸರಿಹೋಯಿತು. ಎಲ್ಲರಿಗೂ ಧನ್ಯವಾದಗಳು.'

ಅಯ್ಯಾ ಮಹಾನುಭಾವ! ಹೇಗೆ ಸರಿಹೋಯಿತು? ಯಾವ ತಂತಿ ಎಳೆದೆ, ಯಾವ ಗುಂಡಿ ಒತ್ತಿದೆ? ಒಂದು ಸಾಲು ಬರೆದಿದ್ದರೆ ನಿನ್ನ ಬೆರಳು ಸವೆಯುತ್ತಿತ್ತೇ? ನಿನ್ನ ಮೆಮೊರಿ ಕಾರ್ಡು ಅಂಗಿ ಜೇಬಿನ ಸಮೇತ ಬಟ್ಟೆ ಒಗೆಯುವ ಮೆಷಿನ್ನಿಗೆ ಬೀಳಲಿ! ನಿನ್ನ ಕೇಬಲ್ಲುಗಳೆಲ್ಲ ಒಂದು ಗೇಣು ಗಿಡ್ಡವಾಗಲಿ!

"ಯಾರಿಗ್ರೀ ಶಾಪ ಹಾಕ್ತಿದೀರಾ?" ಅಡುಗೆಮನೆಯಿಂದ ಹೆಂಡತಿ ಕೂಗಿದಳು.

"ಮುಖ ಮೋರೆ ಗೊತ್ತಿಲ್ಲದವನಿಗೆ!"

"ಸದ್ಯ, ನನಗಲ್ಲವಲ್ಲ."

ಸಂಜೆ ಬಾಲ್ಕನಿಗೆ ಹೋಗಿ ಮತ್ತೆ ಪೆಂಗ್ವಿನ್‌ಗೆ ಫೋನ್ ಹಚ್ಚಿದೆ. ಎರಡೂ ಕೈಯಲ್ಲಿ ಬೋರ್ಡು, ತಂತಿ ಇದ್ದದ್ದರಿಂದ ಸ್ಪೀಕರ್ ಹಾಕಿದ್ದೆ. ಬಾಲ್ಕನಿಯ ಪಕ್ಕದ ಕಿಟಕಿ ಮಾವನವರದು.

"ನಿನ್ಹತ್ರ ಇರೋದು ಯಾವ ಕರ್ನಲ್ಲು?" ಪೆಂಗ್ವಿನ್ ಕೇಳಿದ.

"ಹಳೇದು ಕಣೋ. ಜೊತೇಲೇ ಬಂದಿದ್ದು. ನಾನೇನು ಬೇಕು ಅಂತ ಕೇಳಿರ್ಲಿಲ್ಲ."

"ಅದೇ ಎಡವಟ್ಟು. ಆ ಹಳೇ ಕರ್ನಲ್ ಇಟ್ಕೊಂಡು ನೀನು ಉದ್ಧಾರ ಆಗಲ್ಲ. ಹೊಸದೇನು ಹೇಳಿದ್ರೂ ಅದರ ತಲೆಗೆ ಹೋಗಲ್ಲ."

"ಹೂಂ ಕಣೋ! ಸುಮ್ನೆ ಜಾಗ ತಿನ್ಕೊಂಡು ಕೂತಿದೆ. ನಿನ್ನೆಯಿಂದ ತಲೆ ಚಿಟ್ಟು ಹಿಡಿಸ್ತಿದೆ!"

"ಕಿತ್ತು ಬಿಸಾಕು ಮತ್ತೆ! ಕರುಣೆ ತೋರಿಸ್ಬೇಡ."

"ಇವತ್ತೇ ಬಿಸಾಕ್ತೀನಿ. ನಾಳೆ ಹೆಂಡತಿ ಕ್ಲಿನಿಕ್ ತೆಗೆಯೋ ಹೊತ್ತಿಗೆ ಅದರ ಸುಳಿವೂ ಇರ್ಬಾರದು!"

ಪಕ್ಕದ ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು. ಗಾಳಿಯಿರಬೇಕು ಎಂದುಕೊಂಡೆ.

ಪೆಂಗ್ವಿನ್ ಹೇಳಿದಂತೆ ಹೊಸ ಕರ್ನಲ್ ತಂದು ಹಾಕಿದೆ. ಬೋರ್ಡು ಗೊಣಗಿತು, ಮೂರು ಚುಕ್ಕಿ ಬಂತು... ದಾಟಿತು! ಟಿವಿ ಬೆಳಗಿತು! ಆ ಭಾರೀ ದವಡೆ ಬಂದು ತನಗೆ ತಾನೇ ಬ್ರಷ್ ಮಾಡಿಕೊಂಡಿತು! ಅಷ್ಟು ಚಂದದ ದವಡೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. "ಗೆದ್ದೆ!" ಎಂದು ಕೂಗಿ ಕುರ್ಚಿ ಹತ್ತಿದೆ. ಮಾವನವರು ಮಾತ್ರ ಊಟಕ್ಕೇ ಬರಲಿಲ್ಲ. "ಹಸಿವಿಲ್ವಂತೆ" ಎಂದಳು ಹೆಂಡತಿ. ಗೆದ್ದವನಿಗೆ ಅದೆಲ್ಲ ಎಲ್ಲಿ ಕಿವಿಗೆ ಬೀಳುತ್ತದೆ?

ಸೋಮವಾರ ಬೆಳಿಗ್ಗೆ ಬೋರ್ಡನ್ನು ಕಾಯುವ ಕೋಣೆಗೆ ಹೊತ್ತುಕೊಂಡು ಹೋಗಿ ಟಿವಿಯ ಬೆನ್ನಿಗೆ ಅಂಟಿಸಿದೆ. ಚಾರ್ಜರ್ ಕಾಣಲಿಲ್ಲ, ಹೆಂಡತಿ ತನ್ನದನ್ನು ತಾನು ವಾಪಸ್ ತೆಗೆದುಕೊಂಡಿದ್ದಳು. ಡ್ರಾಯರಿನ ತಳದಲ್ಲಿ ಯಾವುದೋ ಕಾಲದ ಚಾರ್ಜರ್ ಒಂದಿತ್ತು. ತೂತಿಗೆ ಹೊಂದಿತು. ಹೊಂದಿದ ಮೇಲೆ ಮುಗಿಯಿತಲ್ಲ! ಚುಚ್ಚಿದೆ. ಟೋಕನ್ ನಂಬರ್ ಬಂತು, ದವಡೆ ಬಂತು. ಆಫೀಸಿಗೆ ರಜೆ ಹೇಳಿ, ಮದುವೆ ಮನೆಯ ಯಜಮಾನನ ಹಾಗೆ ಗೋಡೆಗೊರಗಿ ನಿಂತೆ.

ಕೋಣೆ ತುಂಬಿತು. ಮುಖ್ಯೋಪಾಧ್ಯಾಯಿನಿ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ಟಿವಿ ನೋಡಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದರು. ನಾನು ಒಳಗೊಳಗೇ ಉಬ್ಬಿ ಪೂರಿಯಾದೆ.

ಅಷ್ಟರಲ್ಲಿ ದವಡೆ ಬ್ರಷ್ ಮಾಡುತ್ತಿದ್ದದ್ದು ಹಾಗೇ ನಿಂತಿತು. ಹಲ್ಲುಗಳೆಲ್ಲ ಹಸಿರು ಚೌಕಗಳಾದವು. ಒಸಡು ಹರಿದು ಅರ್ಧ ಬಲಕ್ಕೆ, ಅರ್ಧ ಎಡಕ್ಕೆ ಹೋಯಿತು. ಪರದೆ ಕಪ್ಪಾಯಿತು. ಆ ಕಪ್ಪಿನ ಮೇಲೆ ಇಂಗ್ಲಿಷಿನಲ್ಲಿ ಬೆಳ್ಳನೆಯ ಅಕ್ಷರಗಳು ಎದ್ದವು: 'ಕರ್ನಲ್ ಪ್ಯಾನಿಕ್. ನಾಟ್ ಸಿಂಕಿಂಗ್. ಅಟೆಂಪ್ಟೆಡ್ ಟು ಕಿಲ್...' ಲಿನಕ್ಸ್ ಪೂರ್ತಿ ಕೈಚೆಲ್ಲಿದಾಗ ಹೇಳುವ ಕೊನೆಯ ಮಾತು ಅದು. ನನಗೆ ಗೊತ್ತು. ಆದರೆ ಹಲ್ಲುನೋವಿನಿಂದ ಕೂತವರಿಗೆ?

"ಕಿಲ್ ಅಂತಿದೆಯಲ್ರೀ!" ಕನ್ನಡಕದವರೊಬ್ಬರು ಎದ್ದು ನಿಂತರು. "ಯಾರನ್ನೋ ಕೊಲ್ಲೋಕೆ ಹೋದ್ರಂತೆ!"

"ಒಳಗೆ ಹೋದೋರು ಇನ್ನೂ ಈಚೆಗೆ ಬಂದಿಲ್ಲ!" ಎಂದರು ಒಬ್ಬ ಅಜ್ಜಿ.

"ನಾಟ್ ಸಿಂಕಿಂಗ್ ಅಂದ್ರೆ ಮುಳುಗ್ತಾ ಇಲ್ಲ ಅಂತ ಅಲ್ವಾ? ಸದ್ಯ!" ಎಂದು ಹಿಂದಿನ ಸಾಲಿನವನೊಬ್ಬ ಧೈರ್ಯ ಹೇಳಿದ.

ಸರಿಯಾಗಿ ಆ ಗಳಿಗೆಯಲ್ಲೇ ಒಳಗೆ ಡ್ರಿಲ್ಲು ಗುರ್ರ್ ಎಂದಿತು, ಕುರ್ಚಿಯಲ್ಲಿದ್ದವರು "ಅಯ್ಯೋ!" ಎಂದರು. ಅಷ್ಟು ಸಾಕಾಯಿತು! ಇಡೀ ಕೋಣೆ ಬಾಗಿಲಿಗೆ ನುಗ್ಗಿತು. ಕುರ್ಚಿಗಳು ಉರುಳಿದವು. ನಾನು ಟಿವಿಗೆ ಅಡ್ಡ ನಿಂತು, "ಏನಿಲ್ಲ, ಏನಿಲ್ಲ, ಕರ್ನಲ್ಲಿಗೆ ಸ್ವಲ್ಪ ತಲೆ ಕೆಟ್ಟಿದೆ, ಅಷ್ಟೇ!" ಎಂದು ಕೂಗಿದೆ.

ಬಾಗಿಲಲ್ಲಿ ಕರ್ನಲ್ ನಿಂತಿದ್ದರು.

ಇಸ್ತ್ರಿ ಮಾಡಿದ ಕೋಟು, ಹೊಳೆಯುವ ಬೂಟು, ಕೈಯಲ್ಲಿ ಸೂಟ್‌ಕೇಸು. ಹೊರಗೆ ಅವರು ಕರೆಸಿದ ಟ್ಯಾಕ್ಸಿ ಹಾರ್ನ್ ಹಾಕುತ್ತಿತ್ತು. ಮಗಳಿಗೆ ಹೇಳಿ ಹೊರಡಲು ಬಂದವರು ನನ್ನ ಮಾತು ಕೇಳಿದರು, ಕತ್ತೆತ್ತಿ ಟಿವಿ ಓದಿದರು. ಸಿಟ್ಟಿನಲ್ಲಿ ಕಾಗುಣಿತ ಯಾರ ಕಣ್ಣಿಗೆ ಬೀಳುತ್ತದೆ? ಕಿವಿಯ ತುದಿಯಿಂದ ಶುರುವಾಗಿ ಮುಖವೆಲ್ಲ ಕೆಂಪಾಯಿತು.

"ಕರ್ನಲ್ ಪ್ಯಾನಿಕ್?" ಎಂದರು. "ಗುಂಡಿನ ಮಳೆಯಲ್ಲಿ ನಿಂತೋನು ನಾನು! ನಿನ್ನೆ ಕಿತ್ತು ಬಿಸಾಕ್ತೀನಿ ಅಂದೆ, ಸಹಿಸ್ಕೊಂಡೆ. ಇವತ್ತು ಊರೋರಿಗೆಲ್ಲ ಕಾಣೋ ಹಾಗೆ ಬೋರ್ಡು ಹಾಕಿದೀಯಾ?"

"ಮಾವ, ಆ ಬೋರ್ಡು ಬೇರೆ..."

"ಇದು ಸಾಲದು ಅಂತ ಬೇರೆ ಬೋರ್ಡೂ ಇದೆಯಾ!"

ಒಳಬಾಗಿಲು ತೆರೆಯಿತು. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಬೆರಳ ನಡುವೆ ಇಕ್ಕಳ ಹಿಡಿದು ಹೆಂಡತಿ ಕಾಣಿಸಿಕೊಂಡಳು. "ಏನ್ರೀ ಗಲಾಟೆ?" ಆ ವೇಷ ನೋಡಿ ಅಳಿದುಳಿದ ಧೈರ್ಯಸ್ಥರೂ ಚೀರಿದರು. ಮುಖ್ಯೋಪಾಧ್ಯಾಯಿನಿ ಚೀಲ ಎದೆಗವಚಿಕೊಂಡು, "ಮೀನಿನ ತೊಟ್ಟಿ ಇರೋ ಕಡೆಗೇ ಹೋಗ್ತೀನಿ!" ಎಂದರು. ಹೆಂಡತಿಯ ಕಣ್ಣು ಟಿವಿಯತ್ತ ಹೋಯಿತು, ಅಪ್ಪನ ಸೂಟ್‌ಕೇಸಿನತ್ತ ಹೋಯಿತು, ಕೊನೆಗೆ ನನ್ನ ಮೇಲೆ ಬಂದು ನಿಂತಿತು. ಮಾಸ್ಕಿನ ಮೇಲಿಂದ ಬರೀ ಎರಡು ಕಣ್ಣು. ಆ ಕಣ್ಣುಗಳಲ್ಲಿ ನೀರಿತ್ತು. ಅದನ್ನು ನೋಡಿದ್ದು ನಾನೊಬ್ಬನೇ ಅಲ್ಲ. ಕರ್ನಲ್ ಕೂಡ ನೋಡಿದರು.

ಸೂಟ್‌ಕೇಸು ಕೆಳಗಿಟ್ಟರು.

"ಕೂತ್ಕೊಳ್ಳಿ!"

ಅಬ್ಬಾ, ಅದೇನು ದನಿ! ಎಲ್ಲರೂ ಕೂತರು. ಕುರ್ಚಿ ಸಿಗದವರು ನೆಲದ ಮೇಲೆ ಕೂತರು. ನಾನೂ ಕೂತೆ. ಹೊರಗೆ ಟ್ಯಾಕ್ಸಿಯ ಹಾರ್ನು ನಿಂತಿತು.

"ಪ್ಯಾನಿಕ್ ಆಗಿರೋರು ನೀವು, ಕರ್ನಲ್ ಅಲ್ಲ!" ಎಂದು ಕೋಣೆಯ ನಡುವೆ ನಿಂತು ಗುಡುಗಿದರು. "ಟೋಕನ್ ಕೈಯಲ್ಲಿ ಹಿಡಿರಿ. ಕ್ರಮವಾಗಿ ಸಾಲಲ್ಲಿ ಕೂತ್ಕೊಳ್ಳಿ. ಅಜ್ಜಿ, ನೀವು ಮುಂದೆ ಬನ್ನಿ. ಕನ್ನಡಕದೋರೇ, ನೀವು ಅವರ ಹಿಂದೆ. ಮೇಡಂ, ನಿಮ್ಮ ಹಲ್ಲು ನೋವು ಜಾಸ್ತಿನಾ? ಹಾಗಾದ್ರೆ ಮೊದಲು ನೀವು. ಆಕ್ಷೇಪಣೆ ಇರೋರು ಕೈ ಎತ್ತಿ!"

ಯಾರ ಕೈಯೂ ಏಳಲಿಲ್ಲ. ಆಮೇಲೆ ಕ್ಲಿನಿಕ್ಕು ನಡೆದ ಚಂದವೇನು! ಒಬ್ಬರು ಹೊರಗೆ, ಒಬ್ಬರು ಒಳಗೆ. ನೂಕಿಲ್ಲ, ನುಗ್ಗಿಲ್ಲ. ಮುಖ್ಯೋಪಾಧ್ಯಾಯಿನಿ ಒಳಗೆ ಹೋಗಿ ಹಲ್ಲು ತುಂಬಿಸಿಕೊಂಡು ಬಂದವರು ಹೊರಡದೆ ನಿಂತು ಇದನ್ನೇ ನೋಡಿದರು.

"ಡಾಕ್ಟ್ರೇ, ನಮ್ಮ ಮಕ್ಕಳನ್ನ ಇಲ್ಲಿಗೇ ಕಳಿಸ್ತೀನಿ" ಎಂದರು ಕೆನ್ನೆ ಸವರಿಕೊಳ್ಳುತ್ತ. "ಒಂದೇ ಷರತ್ತು. ಇವರು ಇಲ್ಲಿರ್ಬೇಕು. ನಮ್ಮ ಮೇಷ್ಟ್ರುಗಳಿಗೆ ಆಗದ ಕೆಲಸ ಇವರು ಒಂದೇ ಮಾತಲ್ಲಿ ಮಾಡಿದ್ರು. ಆ ಟಿವಿ ಮಾತ್ರ ಬೇಡ, ಮಕ್ಕಳು ಹೆದರ್ಕೋತಾರೆ."

ಮಧ್ಯಾಹ್ನ ಕ್ಲಿನಿಕ್ಕು ಮುಚ್ಚಿದ ಮೇಲೆ ನನ್ನ ವಿಚಾರಣೆ. ಊಟದ ಮೇಜಿನ ಆ ಬದಿಗೆ ತಂದೆ, ಮಗಳು. ಈ ಬದಿಗೆ ನಾನು, ಬೋರ್ಡು. ಕರ್ನಲ್ ಎಂದರೆ ಲಿನಕ್ಸಿನ ಒಂದು ಭಾಗವೆಂದೂ, ಮಾವನವರಿಗೂ ಅದಕ್ಕೂ ಸಂಬಂಧವಿಲ್ಲವೆಂದೂ ಬೆವರಿಳಿಸಿಕೊಂಡು ವಿವರಿಸಿದೆ.

"ಏನು ಕೆಲಸ ಮಾಡುತ್ತೆ ಅದು?" ಮಾವನವರ ಪ್ರಶ್ನೆ.

"ಎಲ್ಲರ ಮೇಲೂ ಅಧಿಕಾರ ನಡೆಸುತ್ತೆ ಮಾವ. ಯಾರು ಎಲ್ಲಿರ್ಬೇಕು, ಯಾರು ಎಷ್ಟು ತಿನ್ಬೇಕು, ಯಾರು ಯಾವಾಗ ಎದ್ದು ಹೋಗ್ಬೇಕು, ಎಲ್ಲಾ ಅದೇ ಹೇಳುತ್ತೆ."

"ಹಾಗಾದ್ರೆ ಸಂಬಂಧ ಇಲ್ಲ ಅಂತ ಹೇಗೆ ಹೇಳ್ತೀಯಾ?"

ಹೆಂಡತಿ ಅಷ್ಟು ಹೊತ್ತಿನಿಂದ ಬಿಗಿದುಕೊಂಡಿದ್ದ ಮುಖ ತಿರುಗಿಸಿ ನಕ್ಕಳು. ಮಾವನವರು ನಗಲಿಲ್ಲ.

"ಕಿತ್ತು ಬಿಸಾಕ್ತೀನಿ ಅಂದಿದ್ದಕ್ಕೆ ಬೇಜಾರಿಲ್ಲ ಕಣಪ್ಪ" ಎಂದರು ಕೊನೆಗೆ. ದನಿ ಸಣ್ಣದಾಗಿತ್ತು. "ಅಳಿಯಂದಿರಿಗೆ ಹಾಗನ್ನಿಸೋದು ಸಹಜ. 'ಅದು' ಅಂದೆಯಲ್ಲ! ಹಳೇದು, ಜಾಗ ತಿನ್ಕೊಂಡು ಕೂತಿದೆ ಅಂತ. ರಾತ್ರಿಯೆಲ್ಲ ಅದೇ ಕಿವಿಯಲ್ಲಿತ್ತು."

ಎದ್ದು ಹೋಗಿ ಅವರ ಸೂಟ್‌ಕೇಸನ್ನು ನಾನೇ ಒಳಗಿಟ್ಟು ಬಂದೆ.

"ಸರಿ" ಎಂದರು ಅವರು, ಮತ್ತೆ ಹಳೆಯ ದನಿಯಲ್ಲಿ. "ಆ ಇನ್ನೊಬ್ಬ ಕರ್ನಲ್ ಯಾಕೆ ಪ್ಯಾನಿಕ್ ಆದ? ಅದಕ್ಕೊಂದು ಕಾರಣ ಬೇಕಲ್ಲ. ನಿನ್ನೆ ಇಲ್ಲಿ ಸರಿಯಾಗಿದ್ದ, ಇವತ್ತು ಅಲ್ಲಿ ಯಾಕೆ ಕೆಟ್ಟ?"

ಕಾರಣವೇ? ನನ್ನಲ್ಲಿ ಕಾರಣಗಳು ರಾಶಿ ಬಿದ್ದಿದ್ದವು! ಬೋರ್ಡು ಮಾಡಿದವರು ಅಯೋಗ್ಯರು. ಕರ್ನಲ್ ಬರೆದವರು ಅರೆಬೆಂದವರು. ಇಂಟರ್‌ನೆಟ್ಟಿನ ತಾಣದಲ್ಲಿ ಇದನ್ನೆಲ್ಲ ವಿಚಾರಣೆಗೆ ಮುಂಚೆಯೇ ಉದ್ದಕ್ಕೆ ಬರೆದು, ದೇಶವಿದೇಶದ ಎಂಜಿನಿಯರುಗಳ ಜನ್ಮ ಜಾಲಾಡಿ ಬಂದಿದ್ದೆ. ತೋರಿಸಿಯೇ ಬಿಡೋಣವೆಂದು ಕಾರ್ಡಿಗೆ ಎಲ್ಲವನ್ನೂ ಮತ್ತೆ ತುಂಬಿಸಿದೆ. ಅಲ್ಲೇ ಮೇಜಿನ ಮೇಲಿದ್ದ ಹೆಂಡತಿಯ ಚಾರ್ಜರ್ ಚುಚ್ಚಿದೆ. ದವಡೆ ಬಂದು ಬ್ರಷ್ ಮಾಡಿಕೊಂಡಿತು, ಮಾಡಿಕೊಳ್ಳುತ್ತಲೇ ಇತ್ತು! ಬೋರ್ಡನ್ನು ಕಾಯುವ ಕೋಣೆಗೆ ಒಯ್ದು ಅಲ್ಲಿನ ಚಾರ್ಜರ್ ಚುಚ್ಚಿದೆ. ಸ್ವಲ್ಪ ಹೊತ್ತಿಗೇ ಹಸಿರು ಚೌಕಗಳು, ಮತ್ತೆ ಪ್ಯಾನಿಕ್. ಚಾರ್ಜರ್ ಕೈಗೆತ್ತಿಕೊಂಡು ಅದರ ಹಿಂದಿದ್ದ ಸಣ್ಣಕ್ಷರ ಓದಿದೆ. ಬೋರ್ಡಿಗೆ ಬೇಕಾದ ಕರೆಂಟಿನಲ್ಲಿ ಕಾಲು ಭಾಗವನ್ನೂ ಕೊಡದ ಬಡಕಲು ಚಾರ್ಜರ್! ಯಾವುದೋ ಕಾಲದ ಟಾರ್ಚಿನದು. ಪಾಪದ ಕರ್ನಲ್, ಹೊಟ್ಟೆಗಿಲ್ಲದೆ ತಲೆಸುತ್ತಿ ಬಿದ್ದಿತ್ತು.

ತಾಣಕ್ಕೆ ಹೋದೆ. ನಾನು ಬೈದು ಬರೆದದ್ದರ ಕೆಳಗೆ ಎಷ್ಟೋ ಜನ, 'ಕಾರಣ ಗೊತ್ತಾದರೆ ದಯವಿಟ್ಟು ತಿಳಿಸಿ, ನನಗೂ ಇದೇ ತೊಂದರೆ' ಎಂದು ಕಾಯುತ್ತಿದ್ದರು. ಟಾರ್ಚಿನ ಚಾರ್ಜರ್ ಎಂದು ಬರೆಯಲೇ? ಕಂಪ್ಯೂಟರ್ ವಿಭಾಗದ ಮುಖ್ಯಸ್ಥ? ಬೆರಳು ಬಹಳ ಹೊತ್ತು ಗಾಳಿಯಲ್ಲಿ ನಿಂತಿತು. ಕೊನೆಗೆ ಬರೆದೆ: 'ಸರಿಹೋಯಿತು. ಎಲ್ಲರಿಗೂ ಧನ್ಯವಾದಗಳು.'

ಬರೆದು ಮುಗಿಸಿದ ಮೇಲೆ ನನ್ನ ಮೇಲೆ ನನಗೇ ಉಕ್ಕಿದ ಸಿಟ್ಟಿದೆಯಲ್ಲ, ಅದರ ಮುಂದೆ ಹಿಂದಿನದೆಲ್ಲ ಬರೀ ತಾಲೀಮು! ಆ ಚಾರ್ಜರನ್ನು ಮುಷ್ಟಿಯಲ್ಲಿ ಹಿಸುಕಿ, ಹಲ್ಲು ಹಲ್ಲು ಕಡಿದೆ.

ಕಟಕ್!

ಎಡಗಡೆಯ ದವಡೆಹಲ್ಲು. ಕಣ್ಣ ಮುಂದೆ ನಕ್ಷತ್ರಗಳ ಮೆರವಣಿಗೆ. ಕೆನ್ನೆ ಹಿಡಿದುಕೊಂಡು ಕ್ಲಿನಿಕ್ಕಿಗೆ ಓಡಿದೆ. ಸಂಜೆಯ ರೋಗಿಗಳು ಆಗಲೇ ಕೂತಿದ್ದರು. ಒಳಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಭುಜದ ಮೇಲೆ ಒಂದು ಕೈ ಬಿತ್ತು.

"ಟೋಕನ್?" ಎಂದರು ಮಾವನವರು.

"ಮಾವ, ನಾನು..."

"ನೀನು ಅಂತ ಗೊತ್ತು. ಟೋಕನ್ ಎಲ್ಲಿ?"

ಟೋಕನ್ ತೆಗೆದುಕೊಂಡು ಕೊನೆಯ ಕುರ್ಚಿಯಲ್ಲಿ ಕೂತೆ. ನನ್ನ ಸರದಿ ಬರುವಷ್ಟರಲ್ಲಿ ಕೆನ್ನೆ ಊದಿ, ಮುಖಕ್ಕೆ ಇನ್ನೊಂದು ಮುಖ ಹುಟ್ಟಿದ ಹಾಗಿತ್ತು.

ಹೆದರಿಸುವ ಕುರ್ಚಿಯಲ್ಲಿ ಮಲಗಿದೆ. ಹೆಂಡತಿ ಒಂದು ಮಾತೂ ಆಡದೆ ದೀಪ ಎಳೆದಳು. ಇಂಜೆಕ್ಷನ್ ಕೊಟ್ಟಳು. ಹಲ್ಲಿನ ಎರಡೂ ಬದಿಗೆ ಹತ್ತಿ ತುರುಕಿದಳು. ಎಂಜಲೆಳೆಯುವ ಕೊಳವೆಯನ್ನು ತುಟಿಗೆ ಸಿಕ್ಕಿಸಿದಳು. ಬಾಯಿ ಮುಚ್ಚದ ಹಾಗೆ ಒಂದು ರಬ್ಬರಿನ ಬೆಣೆ ಇಟ್ಟಳು. ಎಲ್ಲ ಭದ್ರವಾಗಿದೆಯೇ ಎಂದು ಪರೀಕ್ಷಿಸಿ, ಸ್ಟೂಲು ಎಳೆದುಕೊಂಡು ಆರಾಮಾಗಿ ಕೂತಳು.

"ಈಗ ಮಾತಾಡೋಣ" ಎಂದಳು.

ಏಳಲು ಹೋದೆ, ಹೆಗಲೊತ್ತಿ ಮಲಗಿಸಿದಳು.

"ಅಂಗಡಿಯವನಿಗೆ ಫೋನ್ ಮಾಡಿದ್ರೆ ಇಷ್ಟೆಲ್ಲ ರಾದ್ಧಾಂತ ಆಗ್ತಿರ್ಲಿಲ್ಲ. ಹೌದೋ ಅಲ್ವೋ?"

'ಇಲ್ಲ' ಎನ್ನಲು ನಾಲಿಗೆ ಬೇಕು. 'ಊಹೂಂ' ಎನ್ನಲು ತುಟಿ ಬೇಕು. ಬಾಯಿ ಅಗಲಿಸಿ ಮಲಗಿದವನ ಗಂಟಲಿಂದ ಹೊರಡುವ ಶಬ್ದ ಒಂದೇ.

"ಹಾ..." ಎಂದೆ.

"ಅಪ್ಪ ಇನ್ನು ಇಲ್ಲೇ ಇರ್ತಾರೆ. ಎಷ್ಟು ದಿನ ಬೇಕಾದ್ರೂ. ಸರಿ ತಾನೇ?"

"ಹಾ..."

"ಆ ಐದು ರಿಸ್ಕು ನನ್ನ ಕ್ಲಿನಿಕ್ಕಿನ ಹೊಸ್ತಿಲು ದಾಟೋ ಹಾಗಿಲ್ಲ."

ಇದನ್ನು ಮಾತ್ರ ಒಪ್ಪಲಾರೆ! ಎರಡೂ ಕೈ ಎತ್ತಿ ಬೀಸಿದೆ, ಕಾಲು ಬಡಿದೆ, ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ನನ್ನ ಉಗ್ರ ಪ್ರತಿಭಟನೆಯನ್ನು ಸಾರಿದೆ:

"ಹಾ! ಹಾ! ಹಾ!"

"ಒಂದ್ಸಲ ಹೇಳಿದ್ರೆ ಸಾಕ್ರೀ, ಅರ್ಥ ಆಗುತ್ತೆ" ಎಂದು ಹೆಂಡತಿ ಡ್ರಿಲ್ಲು ಎತ್ತಿಕೊಂಡು ಬಾಗಿಲ ಕಡೆ ಕೂಗಿದಳು: "ಅಪ್ಪಾ, ಇವರು ಎಲ್ಲದಕ್ಕೂ ಒಪ್ಕೊಂಡ್ರು!"